ಹಳೆಯ ಅಚ್ಚುಪುಸ್ತಕವನ್ನು ಕೊನೆಯಿಂದ ಓದುವುದು ಹೇಗೆ

ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮ ಅಚ್ಚುಕೂಟದ ಹಿರಿಯರು ನನಗೊಂದು ಮಾತು ಹೇಳಿದ್ದರು: "ಪುಟವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಮ್ಮ. ಮೇಲಿನಿಂದ ಓದಿದರೆ ಅರ್ಥ ನಿನ್ನನ್ನು ಎಳೆದುಕೊಂಡು ಹೋಗುತ್ತದೆ, ಅಕ್ಷರ ಕಣ್ಣು ತಪ್ಪಿಸಿಕೊಳ್ಳುತ್ತದೆ." ಆ ಮಾತನ್ನು ಒಮ್ಮೆ ಅವಸರದಲ್ಲಿ ಮೀರಿದೆ. ಗಣಿತದ ಪಠ್ಯಪುಸ್ತಕವೊಂದರ ಉತ್ತರಗಳ ಪಟ್ಟಿಯಲ್ಲಿ 6ರ ಅಚ್ಚುಮೊಳೆ, ಅಂದರೆ ಆ ಅಂಕಿಯನ್ನು ಒತ್ತುವ ಲೋಹದ ತುಂಡು, ತಲೆಕೆಳಗಾಗಿ ನಿಂತು 9 ಆಗಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ. ಮೂರು ಸಾವಿರ ಪ್ರತಿಗಳಲ್ಲಿ ಅದೇ 9 ಅಚ್ಚಾಯಿತು. ಎರಡು ತಿಂಗಳ ನಂತರ ಶಿಕ್ಷಕರೊಬ್ಬರ ಕಾಗದ ಬಂತು: "ಪುಟ 147, ಮೇಲಿನಿಂದ ಐದನೆಯ ಸಾಲು. ಉತ್ತರ 69 ಅಲ್ಲ, 66 ಆಗಬೇಕು. ನಮ್ಮ ಮಕ್ಕಳು ಎರಡು ದಿನ ಲೆಕ್ಕ ಮಾಡಿ ಮಾಡಿ ಸೋತರು."

ಓದಿ ನಾಚಿಕೆಯಿಂದ ಕುಗ್ಗಿಹೋದೆ. ಆದರೆ ದಿನ ಕಳೆದಂತೆ ಆ ಕಾಗದದ ಇನ್ನೊಂದು ಮುಖ ಕಾಣತೊಡಗಿತು. ನಾನು ಎಂದೂ ನೋಡದ ಒಬ್ಬರು, ನಾನು ಎಂದೂ ಕಾಲಿಡದ ಊರಿನಲ್ಲಿ ಕುಳಿತು, ನನ್ನ ತಪ್ಪಿನ ಮೇಲೆ ನೇರವಾಗಿ ಬೆರಳಿಟ್ಟಿದ್ದರು. ಅವರ ಕೈಯಲ್ಲಿದ್ದ 147ನೆಯ ಪುಟವೂ ನನ್ನ ಮೇಜಿನ ಮೇಲಿದ್ದ 147ನೆಯ ಪುಟವೂ ಒಂದೇ ಆಗಿದ್ದುದರಿಂದ ಅದು ಸಾಧ್ಯವಾಯಿತು. ಕೈಬರಹದ ಕಾಲದಲ್ಲಿ ಪ್ರತಿಯೊಬ್ಬ ಲಿಪಿಕಾರನೂ ತನ್ನದೇ ತಪ್ಪು ಮಾಡುತ್ತಿದ್ದ. ಯಾರಾದರೂ ತಿದ್ದಿದರೆ ಆ ಒಂದು ಪ್ರತಿ ಮಾತ್ರ ಸರಿಹೋಗುತ್ತಿತ್ತು. ಅಚ್ಚು ಬಂದ ಮೇಲೆ ಒಂದು ತಪ್ಪು ಸಾವಿರವಾಯಿತು, ಅದನ್ನು ಹಿಡಿಯುವ ಕಣ್ಣುಗಳೂ ಸಾವಿರವಾದವು. ಮುದ್ರಣ ಸಮಾಜವನ್ನು ಹೇಗೆ ಬದಲಿಸಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಮುದ್ರಣದಿಂದ ವಿಚಾರಗಳು ಹರಡಿದವು ಎಂಬ ವಾಕ್ಯವನ್ನು ಎಲ್ಲರೂ ಬರೆಯುತ್ತಾರೆ. ಯಾವ ವಿಚಾರ, ಯಾರ ಹಣದಿಂದ, ಎಷ್ಟು ಹಾಳೆಯಲ್ಲಿ, ಯಾವ ಊರಿಂದ ಯಾವ ಊರಿಗೆ ಹೋಯಿತು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಉತ್ತರ ಪುಸ್ತಕದ ಮೈಯಲ್ಲೇ ಇರುತ್ತದೆ. ಅದನ್ನು ಓದುವ ಕ್ರಮವನ್ನು, ಕರಡು ತಿದ್ದುತ್ತ ಮತ್ತು ಆಮೇಲೆ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ಪಟ್ಟಿ ಮಾಡುತ್ತ ಕಲಿತಷ್ಟನ್ನು, ಇಲ್ಲಿ ಹೇಳುತ್ತೇನೆ. ನಿಮಗೆ ಬೇಕಾದದ್ದು ಒಂದು ಹಳೆಯ ಪುಸ್ತಕ ಅಥವಾ ಗ್ರಂಥಾಲಯಗಳು ಅಂತರಜಾಲದಲ್ಲಿ ಇಟ್ಟಿರುವ ಅದರ ಚಿತ್ರಗಳು, ಒಂದು ಭೂತಗನ್ನಡಿ, ಅಳತೆಪಟ್ಟಿ, ಪೆನ್ಸಿಲ್, ಒಳ್ಳೆಯ ಬೆಳಕು. ಹಳೆಯ ಪುಸ್ತಕದ ಹತ್ತಿರ ಮಸಿಯ ಪೆನ್ನನ್ನು ತರಲೇಬೇಡಿ.

ಮೊದಲು ಕೊನೆಯ ಪುಟ

ಪುಸ್ತಕ ಕೈಗೆ ಬಂದ ಕೂಡಲೇ ಕೊನೆಯ ಪುಟಕ್ಕೆ ಹೋಗಿ. ಶೀರ್ಷಿಕೆ ಪುಟ ಎಂಬುದು ಪುಸ್ತಕಗಳಿಗೆ ನಿಧಾನವಾಗಿ ಅಂಟಿದ ಅಭ್ಯಾಸ. ಯಾರು, ಎಲ್ಲಿ, ಎಂದು ಅಚ್ಚು ಮಾಡಿದರು ಎಂಬುದನ್ನು ಹಿಂದಿನವರು ಕೊನೆಯಲ್ಲಿ ಬರೆಯುತ್ತಿದ್ದರು. ಹಸ್ತಪ್ರತಿ ಓದುವವರು ಇದನ್ನು ಪುಷ್ಪಿಕೆ ಎನ್ನುತ್ತಾರೆ. ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ವಜ್ರಸೂತ್ರದ ಸುರುಳಿ ಮರದ ಹಲಗೆಗಳಲ್ಲಿ ಅಕ್ಷರ ಕೆತ್ತಿ ಅಚ್ಚೊತ್ತಿದ್ದು. ಅದರ ತುದಿಯಲ್ಲಿ 868ನೆಯ ಇಸವಿಗೆ ಸರಿಯಾದ ತಾರೀಖಿದೆ. ವಾಂಗ್ ಜೀ ಎಂಬಾತ ತನ್ನ ತಂದೆತಾಯಿಯರ ಹೆಸರಿನಲ್ಲಿ, ಎಲ್ಲರಿಗೂ ಉಚಿತವಾಗಿ ಹಂಚಲು ಮಾಡಿಸಿದ್ದು ಎಂದೂ ಇದೆ. ಆ ಒಂದು ಸಾಲಿನಿಂದ ಎಷ್ಟು ತಿಳಿಯುತ್ತದೆ ನೋಡಿ. ಹಣ ಕೊಟ್ಟವನು ಯಾರು, ಪುಸ್ತಕ ಮಾರಾಟಕ್ಕೋ ದಾನಕ್ಕೋ, ಅದು ಯಾವ ಪುಣ್ಯದ ಲೆಕ್ಕಕ್ಕೆ ಸೇರುತ್ತಿತ್ತು, ಎಲ್ಲವೂ ಅಲ್ಲಿವೆ. ಕೊರಿಯಾದ ಚೊಂಗ್ಜು ಬಳಿಯ ಹಂಗ್‌ದೊಕ್ ವಿಹಾರದಲ್ಲಿ ಲೋಹದ ಮೊಳೆಗಳಿಂದ ಅಚ್ಚಾದ ಜಿಕ್ಜಿ ಎಂಬ ಬೌದ್ಧಗ್ರಂಥ 1377ರದ್ದು ಎಂದು ತಿಳಿದಿರುವುದೂ ಅದರ ಕೊನೆಯ ಮಾತಿನಿಂದಲೇ. ಜರ್ಮನಿಯ ಮೈಂಟ್ಸ್ ನಗರದಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚು ಮಾಡಿದ್ದು ಅದಕ್ಕಿಂತ ಸುಮಾರು 78 ವರ್ಷ ತಡವಾಗಿ.

ಯೂರೋಪಿನಲ್ಲಿ ಮುದ್ರಕರ ಹೆಸರನ್ನೂ ತಾರೀಖನ್ನೂ ಅಚ್ಚಿನಲ್ಲೇ ಹೇಳಿದ ಮೊದಲ ಪುಸ್ತಕ ಮೈಂಟ್ಸ್‌ನ ಕೀರ್ತನೆಗಳ ಗ್ರಂಥ. ಯೋಹಾನ್ ಫೂಸ್ಟ್ ಮತ್ತು ಪೀಟರ್ ಶೋಫರ್ ಅದನ್ನು 1457ರ ಆಗಸ್ಟ್ 14ರಂದು ಮುಗಿಸಿದರು. ಕೆಂಪು ಮತ್ತು ನೀಲಿ ಬಣ್ಣಗಳ ದೊಡ್ಡ ಅಕ್ಷರಗಳಿರುವ ಅತ್ಯಂತ ಸುಂದರವಾದ ಕೆಲಸ. ಆದರೆ ಆ ಹೆಮ್ಮೆಯ ಪುಷ್ಪಿಕೆಯಲ್ಲಿ 'ಪ್ಸಾಲ್ಮೋರುಂ' ಎಂದಿರಬೇಕಾದ ಲ್ಯಾಟಿನ್ ಪದ 'ಸ್ಪಾಲ್ಮೋರುಂ' ಎಂದು ಅಚ್ಚಾಗಿದೆ. ಎರಡು ಮೊಳೆಗಳು ಜಾಗ ಬದಲಿಸಿವೆ, ಅಷ್ಟೇ. ಮೊದಲ ಸಲ ಇದನ್ನು ಓದಿದಾಗ ಆರು ಶತಮಾನಗಳ ಆಚೆ ನಿಂತ ಒಬ್ಬ ಸಹೋದ್ಯೋಗಿಯ ಕೈ ಹಿಡಿದಂತಾಯಿತು ನನಗೆ.

ಕೊನೆಯಲ್ಲಿ ಏನೂ ಇಲ್ಲದಿದ್ದರೆ? ಗುಟೆನ್‌ಬರ್ಗ್ ಬೈಬಲಿನಲ್ಲಿ ಮುದ್ರಕನ ಹೆಸರಿಲ್ಲ, ತಾರೀಖಿಲ್ಲ, ಪುಟಸಂಖ್ಯೆಯೂ ಇಲ್ಲ. ಆಗ ಹೊರಗಿನ ಸಾಕ್ಷಿ ಹುಡುಕಬೇಕು. ಮುಂದೆ ಪೋಪ್ ಆದ ಪಿಕ್ಕೊಲೊಮಿನಿ 1455ರ ಮಾರ್ಚ್‌ನಲ್ಲಿ ಬರೆದ ಒಂದು ಕಾಗದದಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ ಈ ಬೈಬಲಿನ ಹಾಳೆಗಳನ್ನು ಕಂಡದ್ದನ್ನೂ ಅದರ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದಬಹುದೆಂಬುದನ್ನೂ ಹೇಳಿದ್ದಾನೆ. ಪ್ಯಾರಿಸ್‌ನಲ್ಲಿರುವ ಒಂದು ಪ್ರತಿಯಲ್ಲಿ ಬಣ್ಣದ ಅಕ್ಷರ ಬರೆದು ರಟ್ಟು ಕಟ್ಟಿದ ಹೈನ್ರಿಷ್ ಕ್ರೆಮರ್ ಎಂಬ ಪಾದ್ರಿ ತನ್ನ ಕೆಲಸ ಮುಗಿದದ್ದು 1456ರ ಆಗಸ್ಟ್‌ನಲ್ಲಿ ಎಂದು ಬರೆದಿಟ್ಟಿದ್ದಾನೆ. ಅಂದಮೇಲೆ ಅಚ್ಚು ಅದಕ್ಕೂ ಮೊದಲೇ ಮುಗಿದಿತ್ತು. ಹೀಗೆ ಎರಡು ಕಡೆಯಿಂದ ಗೂಟ ಹೊಡೆದು ನಡುವಿನ ಜಾಗವನ್ನು ಕಿರಿದು ಮಾಡುತ್ತ ಹೋಗುವುದೇ ತಾರೀಖು ಕಂಡುಹಿಡಿಯುವ ವಿಧಾನ.

ತಪ್ಪೊಪ್ಪೋಲೆಯನ್ನು ಬಿಡಬೇಡಿ

ಓದುಗರು ಹಾರಿಸಿಬಿಡುವ ಪುಟಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ತಪ್ಪೊಪ್ಪೋಲೆ. ಯಾವ ಪುಟದಲ್ಲಿ ಯಾವ ಸಾಲಿನಲ್ಲಿ ಏನಿದೆ, ಏನಿರಬೇಕಿತ್ತು ಎಂಬ ಪಟ್ಟಿ ಅದು. ಅದನ್ನು ನಾಲ್ಕು ಪ್ರಶ್ನೆ ಇಟ್ಟುಕೊಂಡು ಓದಿ. ತಪ್ಪುಗಳು ಅಕ್ಷರದವೋ ಅರ್ಥದವೋ? ಅಕ್ಷರದ ತಪ್ಪುಗಳೇ ಇದ್ದರೆ ಪಟ್ಟಿ ಮಾಡಿದವರು ಅಚ್ಚುಕೂಟದವರು. ವಾಕ್ಯಗಳನ್ನೇ ಬದಲಿಸಿದ್ದರೆ ಲೇಖಕರು ಹತ್ತಿರದಲ್ಲಿದ್ದರು ಎಂದು ಊಹಿಸಬಹುದು. ತಪ್ಪುಗಳು ಪುಸ್ತಕದ ಯಾವ ಭಾಗದಲ್ಲಿ ಹೆಚ್ಚಾಗಿವೆ? ಒಂದೇ ಭಾಗದಲ್ಲಿ ಗುಂಪಾಗಿದ್ದರೆ ಅಲ್ಲಿ ಹೊಸ ಕೈ ಮೊಳೆ ಜೋಡಿಸಿರಬಹುದು, ಅಥವಾ ಅವಸರ ನಡೆದಿರಬಹುದು. ಪಟ್ಟಿ ಪುಸ್ತಕದೊಳಗೇ ಅಚ್ಚಾಗಿದೆಯೇ ಅಥವಾ ಬೇರೆ ಚೀಟಿಯಾಗಿ ಅಂಟಿಸಿದ್ದೇ? ಅಂಟಿಸಿದ ಚೀಟಿ ಎಂದರೆ ಪುಸ್ತಕ ಮುಗಿದ ಮೇಲೆ ಯಾರೋ ಓದಿ ಹೇಳಿದ್ದಾರೆ ಎಂದು ಅರ್ಥ. ಕೊನೆಯದು, ಪಟ್ಟಿ ಪುಟಸಂಖ್ಯೆಯನ್ನು ಹೇಳುತ್ತದೆಯೇ? ಹಾಳೆಗಳಿಗೆ ಅಚ್ಚಿನಲ್ಲೇ ಸಂಖ್ಯೆ ಹಾಕುವುದು ಯೂರೋಪಿನಲ್ಲಿ 1470ರಲ್ಲಿ ಕಲೋನ್‌ನ ಆರ್ನಾಲ್ಡ್ ಥೆರ್‌ಹೋರ್ನೆನ್‌ನ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಇಂದು ನಮಗೆ ಗಾಳಿಯಷ್ಟು ಸಹಜವಾದ ಸಂಖ್ಯೆಗಳಿಲ್ಲದೆ 'ಪುಟ 147, ಐದನೆಯ ಸಾಲು' ಎಂದು ಕಾಗದ ಬರೆಯಲು ಆ ಶಿಕ್ಷಕರಿಗೆ ಆಗುತ್ತಿರಲಿಲ್ಲ.

ಲೇಖಕ ಅಚ್ಚುಕೂಟದಲ್ಲೇ ಬೀಡುಬಿಡುತ್ತಿದ್ದ ಕಾಲವೂ ಇತ್ತು. ವೆನಿಸ್‌ನಲ್ಲಿ ಮುದ್ರಕ ಆಲ್ಡಸ್ ಮನೂಟಿಯಸ್‌ನ ಮನೆಯಲ್ಲಿ ಉಳಿದು, 1508ರಲ್ಲಿ ವಿದ್ವಾಂಸ ಎರಾಸ್ಮಸ್ ತನ್ನ ಗಾದೆಗಳ ಸಂಗ್ರಹವನ್ನು ಒಂದು ಕಡೆ ಬರೆಯುತ್ತಿದ್ದರೆ ಇನ್ನೊಂದು ಕಡೆ ಅದು ಅಚ್ಚಾಗುತ್ತಿತ್ತು. ಇನ್ನು ತಪ್ಪು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಲಂಡನ್ನಿನ 1631ರ ಬೈಬಲನ್ನು ನೋಡಿ. ಹತ್ತು ಆಜ್ಞೆಗಳಲ್ಲಿ ವ್ಯಭಿಚಾರ ಮಾಡಬಾರದು ಎಂಬಲ್ಲಿ ನಿಷೇಧದ ಪದವೇ ಬಿಟ್ಟುಹೋಗಿ, ಮಾಡಬೇಕು ಎಂದು ಅಚ್ಚಾಯಿತು. ಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲೂಕಸ್ ಅವರಿಗೆ 300 ಪೌಂಡ್ ದಂಡ ಬಿತ್ತು.

ಆದರೆ ತಪ್ಪೊಪ್ಪೋಲೆಯ ನಿಜವಾದ ಶಕ್ತಿ ಕಾಣುವುದು ಮುಂದಿನ ಆವೃತ್ತಿಗಳಲ್ಲಿ. ಆಂಟ್‌ವರ್ಪ್‌ನ ಅಬ್ರಹಾಂ ಓರ್ಟೇಲಿಯಸ್ 1570ರಲ್ಲಿ 53 ಭೂಪಟ ಹಾಳೆಗಳ ಒಂದು ಪುಸ್ತಕ ತಂದ. ತಾನು ಯಾರ ಯಾರ ಭೂಪಟಗಳನ್ನು ಆಧರಿಸಿದೆ ಎಂದು ಹೆಸರುಗಳ ಪಟ್ಟಿಯನ್ನೂ ಅದರಲ್ಲಿ ಕೊಟ್ಟ. ಓದಿದವರು ತಮ್ಮ ಸೀಮೆಯ ನದಿ ಇಲ್ಲಿಲ್ಲ, ಕರಾವಳಿ ಹೀಗಲ್ಲ ಎಂದು ಬರೆದರು, ಹೊಸ ನಕ್ಷೆಗಳನ್ನು ಕಳಿಸಿದರು. ಆವೃತ್ತಿಯಿಂದ ಆವೃತ್ತಿಗೆ ಭೂಪಟಗಳೂ ಹೆಸರುಗಳೂ ಬೆಳೆದವು. ನಿಮಗೆ ಯಾವುದೇ ಹಳೆಯ ನಿಘಂಟು, ಭೂಪಟ ಅಥವಾ ಸಸ್ಯಗಳ ಪುಸ್ತಕದ ಎರಡು ಆವೃತ್ತಿಗಳು ಸಿಕ್ಕರೆ ಈ ಪ್ರಯೋಗ ಮಾಡಿ: ಮೊದಲನೆಯದರ ತಪ್ಪೊಪ್ಪೋಲೆಯನ್ನು ಹಿಡಿದುಕೊಂಡು ಎರಡನೆಯದರಲ್ಲಿ ಅವು ತಿದ್ದಿವೆಯೇ ನೋಡಿ. ಆಮೇಲೆ ಪಟ್ಟಿಯಲ್ಲಿ ಇಲ್ಲದ ಯಾವ ಬದಲಾವಣೆಗಳಾಗಿವೆ ಎಂದು ನೋಡಿ. ಆ ಎರಡನೆಯ ಗುಂಪು ಓದುಗರಿಂದ ಬಂದದ್ದಿರುವ ಸಾಧ್ಯತೆ ಹೆಚ್ಚು. ಒಂದು ಸಂಜೆ ಹಿಡಿಯುವ ಕೆಲಸ. ಹಳೆಯ ಪುಸ್ತಕವನ್ನು ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಹಾಳೆಯನ್ನು ಬೆಳಕಿಗೆ ಹಿಡಿಯಿರಿ

ಕೈಯಿಂದ ಮಾಡಿದ ಹಳೆಯ ಕಾಗದವನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾದ ಸಣ್ಣ ಗೆರೆಗಳೂ ಅವುಗಳಿಗೆ ಅಡ್ಡವಾಗಿ ದೂರ ದೂರದ ಕೆಲವು ಗೆರೆಗಳೂ ಕಾಣುತ್ತವೆ. ಕಾಗದ ಎತ್ತುವ ಜರಡಿಯ ತಂತಿಗಳ ಗುರುತು ಅವು. ಎಲ್ಲೋ ಒಂದು ಕಡೆ ಹೋರಿಯ ತಲೆ, ದ್ರಾಕ್ಷಿ ಗೊಂಚಲು, ಕಿರೀಟ ಮುಂತಾದ ನೀರುಗುರುತೂ ಇರುತ್ತದೆ. ದೂರದೂರದ ಗೆರೆಗಳು ನೆಟ್ಟಗಿದ್ದು ನೀರುಗುರುತು ಎಲೆಯ ನಡುವೆ ಇದ್ದರೆ ಹಾಳೆಯನ್ನು ಒಮ್ಮೆ ಮಾತ್ರ ಮಡಚಿದ್ದಾರೆ. ಗೆರೆಗಳು ಅಡ್ಡಡ್ಡವಾಗಿದ್ದು ನೀರುಗುರುತು ಹೊಲಿಗೆಯ ಮಡಿಕೆಯಲ್ಲಿ ಅರ್ಧ ಮುಚ್ಚಿಹೋಗಿದ್ದರೆ ಎರಡು ಸಲ ಮಡಚಿದ್ದು: ನಾಲ್ಕು ಎಲೆ, ಎಂಟು ಪುಟ. ಗೆರೆಗಳು ಮತ್ತೆ ನೆಟ್ಟಗಾಗಿ ನೀರುಗುರುತು ಹೊಲಿಗೆಯ ಮಡಿಕೆಯ ಮೇಲ್ತುದಿಯಲ್ಲಿ ಸಿಕ್ಕರೆ ಮೂರು ಸಲ: ಎಂಟು ಎಲೆ, ಹದಿನಾರು ಪುಟ. ಕೆಲವು ಪುಟಗಳ ಅಡಿಯಲ್ಲಿ ಒಂಟಿ ಅಕ್ಷರ, ಅದರ ಪಕ್ಕ 2, 3 ಎಂದು ಇದ್ದರೆ ಅದು ಹೊಲಿಯುವವರಿಗೆ ಹಾಕಿದ ಗುರುತು. ನಾವು ಇಂಥ ಒಂದೊಂದು ಕಟ್ಟನ್ನು ಫಾರಂ ಎನ್ನುತ್ತಿದ್ದೆವು. ಆ ಗುರುತುಗಳನ್ನು ಎಣಿಸಿದರೆ ಇಡೀ ಪುಸ್ತಕಕ್ಕೆ ಎಷ್ಟು ಹಾಳೆ ಬೇಕಾಯಿತು ಎಂದು ತಿಳಿಯುತ್ತದೆ.

ಈ ಮಡಿಕೆಯ ಲೆಕ್ಕ ಏಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ವಿಚಾರಗಳು ಹಾಳೆಯ ಲೆಕ್ಕದಲ್ಲೇ ಪ್ರಯಾಣ ಮಾಡಿದವು. ಪುಸ್ತಕದ ಖರ್ಚಿನಲ್ಲಿ ದೊಡ್ಡ ಪಾಲು ಕಾಗದದ್ದು. ದಪ್ಪ ಗ್ರಂಥಕ್ಕೆ ಹಣ ಸುರಿದವನು ಅದು ಮಾರಾಟವಾಗಿ ಮರಳುವ ತನಕ ಕಾಯಬೇಕು. ಗುಟೆನ್‌ಬರ್ಗ್‌ಗೆ ಎರಡು ಸಲ ಎಂಟು ನೂರು ಗುಲ್ಡನ್ ನಾಣ್ಯ ಕೊಟ್ಟಿದ್ದ ಫೂಸ್ಟ್ ಕಾಯಲಾರದೆ 1455ರಲ್ಲಿ ನ್ಯಾಯಸ್ಥಾನಕ್ಕೆ ಹೋದ. ಹಾಳೆ ಎರಡು ಹಾಳೆಯ ಸಣ್ಣ ಕೆಲಸದಲ್ಲಿ ಹಣ ಬೇಗ ಕೈಗೆ ಬರುತ್ತದೆ. ಮೈಂಟ್ಸ್‌ನಲ್ಲಿ ಬೈಬಲಿನ ಜೊತೆಜೊತೆಗೇ ಪಾಪಕ್ಷಮೆಯ ಪತ್ರಗಳೂ, ಅಂದರೆ ಹಣ ಕೊಟ್ಟವರಿಗೆ ಪಾಪದ ಶಿಕ್ಷೆ ತಗ್ಗುತ್ತದೆ ಎಂದು ಚರ್ಚು ಕೊಡುತ್ತಿದ್ದ ಪತ್ರಗಳೂ, ಅಚ್ಚಾದವು. ಕೊಂಡವರ ಹೆಸರು, ತಾರೀಖು ತುಂಬಲು ಖಾಲಿ ಜಾಗ ಬಿಟ್ಟ ನಮೂನೆಗಳು ಅವು. 1454ರ ತಾರೀಖು ತುಂಬಿದವು ಇಂದಿಗೂ ಉಳಿದಿವೆ.

ಅರವತ್ತು ವರ್ಷಗಳ ನಂತರ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಎದುರು ನಿಂತದ್ದು ಇಂಥ ಪತ್ರಗಳಿಗೇ. 1517ರ ಅವನ ತೊಂಬತ್ತೈದು ವಾದಗಳು ಲ್ಯಾಟಿನ್ನಿನಲ್ಲಿದ್ದವು, ಪಂಡಿತರಿಗಾಗಿ ಬರೆದಂಥವು. ನಾನು ಕೈಯಲ್ಲಿ ಹಿಡಿದು ನೋಡಬೇಕೆಂದು ಆಸೆಪಟ್ಟದ್ದು ಅವುಗಳನ್ನಲ್ಲ, 1518ರಲ್ಲಿ ಅವನು ಜರ್ಮನ್ ಭಾಷೆಯಲ್ಲಿ ಬರೆದ ಪುಟ್ಟ ಪ್ರವಚನವನ್ನು. ಪಾಪಕ್ಷಮೆಯ ಬಗ್ಗೆ ಇಪ್ಪತ್ತು ಸಣ್ಣ ಸಣ್ಣ ಕಂಡಿಕೆಗಳು. ಎಂಟು ಪುಟ, ಅಂದರೆ ಎರಡು ಸಲ ಮಡಚಿದ ಒಂದೇ ಒಂದು ಹಾಳೆ. ಯಾವ ಊರಿನ ಮುದ್ರಕನಿಗೂ ಅದನ್ನು ನೋಡಿ ಮತ್ತೆ ಮೊಳೆ ಜೋಡಿಸಿ ಅಚ್ಚು ಮಾಡಲು ಹೆಚ್ಚು ದಿನ ಬೇಡ, ಹೆಚ್ಚು ಬಂಡವಾಳ ಬೇಡ, ಯಾರ ಅನುಮತಿಯೂ ಬೇಡ. ಎರಡು ಮೂರು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಅದು ಬೇರೆ ಬೇರೆ ಊರುಗಳಲ್ಲಿ ಮರುಮುದ್ರಣವಾಯಿತು. ಲೂಥರನ ಧೈರ್ಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಹಿಡಿಸುವ ಅವನ ಜಾಣ್ಮೆಯನ್ನೂ ಅಷ್ಟೇ ಗೌರವದಿಂದ ನೋಡಬೇಕು ಎಂದು ನನಗನ್ನಿಸುತ್ತದೆ.

ಅಳತೆಯೂ ಓದುಗ ಯಾರೆಂದು ಹೇಳುತ್ತದೆ. ಆಲ್ಡಸ್ 1501ರಲ್ಲಿ ವರ್ಜಿಲ್‌ನ ಕಾವ್ಯವನ್ನು ಮೂರು ಸಲ ಮಡಚಿದ ಚಿಕ್ಕ ಅಳತೆಯಲ್ಲಿ, ಫ್ರಾನ್ಸೆಸ್ಕೋ ಗ್ರಿಫೋ ಕೆತ್ತಿದ ಓರೆ ಅಕ್ಷರಗಳಲ್ಲಿ ತಂದ. ಸುತ್ತಲೂ ವ್ಯಾಖ್ಯಾನ ತುಂಬಿರುತ್ತಿದ್ದ ದೊಡ್ಡ ಗ್ರಂಥ ಮೇಜಿನ ಮೇಲೆ ಬಿಚ್ಚಿಟ್ಟು ಓದುವಂಥದ್ದು. ಇದು ಬರೀ ಕಾವ್ಯ, ಕೈಯಲ್ಲಿ ಹಿಡಿದು ಎಲ್ಲಿಗಾದರೂ ಒಯ್ಯುವಂಥದ್ದು. ಗುರುವಿನ ಕಣ್ಣೆದುರು ಓದುತ್ತಿದ್ದ ಪುಸ್ತಕ ಒಬ್ಬರೇ ಕುಳಿತು ಓದುವ ಪುಸ್ತಕವಾಯಿತು.

ಒಂದು ಎಚ್ಚರಿಕೆ. ಹಳದಿಯಾಗಿ ಪುಡಿಪುಡಿಯಾಗುವ ಪುಸ್ತಕ ಬಹಳ ಹಳೆಯದು ಎಂದು ಎಣಿಸಬೇಡಿ. 1500ರ ಸುಮಾರಿನ ಕಾಗದ ಚಿಂದಿಬಟ್ಟೆಯಿಂದ ಮಾಡಿದ್ದು, ಇಂದಿಗೂ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕಂದಿ ಮುರಿಯುವುದು 19ನೆಯ ಶತಮಾನದ ಉತ್ತರಾರ್ಧದಿಂದ ಬಂದ ಮರದ ತಿರುಳಿನ ಅಗ್ಗದ ಕಾಗದ. ಅದರಲ್ಲಿ ಆಮ್ಲವಿದೆ, ಅದು ತನ್ನನ್ನೇ ತಿನ್ನುತ್ತದೆ. ಆ ಅಗ್ಗದ ಕಾಗದವೇ ಪತ್ರಿಕೆಗಳನ್ನೂ ಪಠ್ಯಪುಸ್ತಕಗಳನ್ನೂ ಬಡವರ ಮನೆಗೆ ತಲುಪಿಸಿತು. ಅದನ್ನು ಮುಟ್ಟುವಾಗ ಎರಡೂ ಕೈ ಬಳಸಿ, ಪುಟವನ್ನು ಮೂಲೆಯಿಂದ ಎಳೆಯಬೇಡಿ.

ಶೀರ್ಷಿಕೆ ಪುಟವನ್ನು ಕೂಡಲೇ ನಂಬಬೇಡಿ

ಊರು ಮತ್ತು ಮುದ್ರಕನ ಹೆಸರು ಕಂಡ ಕೂಡಲೇ ಬರೆದುಕೊಂಡು ಮುಂದೆ ಹೋಗುವುದು ಹೊಸಬರು ಮಾಡುವ ತಪ್ಪು. ಕಲೋನ್ ನಗರದ ಪಿಯರ್ ಮಾರ್ತೋ ಎಂಬ ಪ್ರಕಾಶಕನ ಹೆಸರು 1660ರಿಂದ ಎಷ್ಟೋ ಪುಸ್ತಕಗಳ ಮೇಲೆ ಬಂತು. ಅಂಥ ಮನುಷ್ಯ ಇರಲೇ ಇಲ್ಲ. ನಿಷಿದ್ಧ ಪುಸ್ತಕ ತರುವವರು ಹಂಚಿಕೊಂಡು ಬಳಸಿದ ಹೆಸರು ಅದು. ಬೈಬಲನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್‌ನ ಕೆಲವು ಪುಸ್ತಕಗಳು ಮಾರ್ಬುರ್ಗ್‌ನ ಹಾನ್ಸ್ ಲುಫ್ಟ್‌ನ ಅಚ್ಚು ಎಂದು ಹೇಳಿಕೊಳ್ಳುತ್ತವೆ. ಅವು ಅಚ್ಚಾದದ್ದು ಆಂಟ್‌ವರ್ಪ್‌ನಲ್ಲಿ.

ಹಿಡಿಯುವುದು ಹೇಗೆ? ಹೆಸರು ಸುಳ್ಳು ಹೇಳಬಹುದು, ಮೊಳೆ ಸುಳ್ಳು ಹೇಳುವುದಿಲ್ಲ. ಪುಟದಲ್ಲಿ ಬಾಲ ಮುರಿದ, ಬಿರುಕು ಬಿಟ್ಟ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಹುಡುಕಿ. ಅಧ್ಯಾಯದ ಮೊದಲ ಅಕ್ಷರದ ಅಲಂಕಾರವನ್ನೂ ಪುಟದ ತಲೆಯ ಹೂಬಳ್ಳಿಯನ್ನೂ ನೋಡಿ. ಮರದ ಅಚ್ಚಿನಲ್ಲಿ ಬಿದ್ದ ಬಿರುಕು, ಹುಳು ಕೊರೆದ ತೂತು ಬೆರಳಚ್ಚಿನಷ್ಟು ನಿಖರ. ಅದೇ ಬಿರುಕು ಬೇರೊಬ್ಬ ಮುದ್ರಕ ತನ್ನ ಹೆಸರಿನಲ್ಲೇ ತಂದ ಪುಸ್ತಕದಲ್ಲಿ ಕಂಡರೆ ನಿಮ್ಮ ಕೆಲಸ ಬಹುಪಾಲು ಮುಗಿಯಿತು. ಆದರೂ ಅಚ್ಚುಗಳು ಕೈ ಬದಲಿಸುತ್ತಿದ್ದವು, ಸಾಲವಾಗಿ ಹೋಗುತ್ತಿದ್ದವು; ಒಂದೇ ಸಾಕ್ಷಿಗೆ ತೃಪ್ತರಾಗಬೇಡಿ.

ಸುಳ್ಳು ಹೆಸರು ಕಂಡಾಗ ಪುಸ್ತಕವನ್ನು ದೂರಬೇಡಿ, ಯಾರ ಭಯಕ್ಕೆ ಆ ಸುಳ್ಳು ಎಂದು ಕೇಳಿ. ದಿದೆರೋ ಸಂಪಾದಿಸಿದ ಫ್ರೆಂಚ್ ವಿಶ್ವಕೋಶದ ಮೊದಲ ಸಂಪುಟ 1751ರಲ್ಲಿ ಬಂತು. 1759ರಲ್ಲಿ ಸರ್ಕಾರ ಅದರ ಪರವಾನಗಿ ರದ್ದು ಮಾಡಿತು. ಕೆಲಸ ನಿಲ್ಲಲಿಲ್ಲ. ಬರಹದ ಉಳಿದ ಹತ್ತು ಸಂಪುಟಗಳು ಪ್ಯಾರಿಸ್‌ನಲ್ಲೇ ಅಚ್ಚಾಗಿ, 1765ರ ತಾರೀಖಿನೊಂದಿಗೆ, ಸ್ವಿಟ್ಜರ್ಲೆಂಡಿನ ನ್ಯೂಶಾತೆಲ್ ಎಂಬ ಊರಿನ ಹೆಸರು ಹೊತ್ತು ಬಂದವು.

ಇದೇ ಪುಸ್ತಕದ ಇನ್ನೊಂದು ಘಟನೆಯನ್ನು ನೆನೆದರೆ ಇಂದಿಗೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1764ರಲ್ಲಿ ದಿದೆರೋ ತನ್ನ ಒಂದು ಲೇಖನವನ್ನು ಅಚ್ಚಾದ ಹಾಳೆಗಳಲ್ಲಿ ತೆರೆದು ನೋಡಿದಾಗ ಅದು ತಾನು ಬರೆದಂತೆ ಇರಲಿಲ್ಲ. ಹುಡುಕಿದರೆ ಇನ್ನೂ ಎಷ್ಟೋ ಲೇಖನಗಳಿಗೆ ಕತ್ತರಿ ಬಿದ್ದಿತ್ತು. ದಿದೆರೋ ಕೊನೆಯ ಕರಡನ್ನು ನೋಡಿ ಒಪ್ಪಿಗೆ ಕೊಟ್ಟ ಮೇಲೆ, ಮುದ್ರಕನಾದ ಲ ಬ್ರೆತೋಂ ಹೆದರಿ, ಯಾರಿಗೂ ಹೇಳದೆ, ಅಪಾಯಕರವೆಂದು ಕಂಡ ಸಾಲುಗಳನ್ನೆಲ್ಲ ತೆಗೆದುಹಾಕಿದ್ದ. ತೆಗೆದ ಕರಡುಗಳಲ್ಲಿ ಕೆಲವನ್ನು ಕಟ್ಟಿಸಿಟ್ಟ ಒಂದು ಸಂಪುಟ 20ನೆಯ ಶತಮಾನದಲ್ಲಿ ಬೆಳಕಿಗೆ ಬಂತು. ಕರಡಿನ ಮೇಲೆ ಸಹಿ ಹಾಕುವುದು ಎಂದರೆ ಏನು ಎಂದು ಬಲ್ಲವರಿಗೆ ಇದು ಎಂಥ ದ್ರೋಹ ಎಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಒಂದು ಪುಸ್ತಕದ ಅಭಿಪ್ರಾಯ ನಡುವೆ ಇದ್ದಕ್ಕಿದ್ದಂತೆ ಮೆತ್ತಗಾದರೆ, ಅದು ಲೇಖಕನ ಮನಸ್ಸು ಬದಲಾದದ್ದೇ ಎಂದು ತೀರ್ಮಾನಿಸುವ ಮೊದಲು ಹಸ್ತಪ್ರತಿಯೋ ಕಾಗದಪತ್ರವೋ ಉಳಿದಿದೆಯೇ ಎಂದು ವಿಚಾರಿಸಿ.

ಎರಡು ಪ್ರತಿಗಳನ್ನು ಅಕ್ಕಪಕ್ಕ ಇಡಿ

ಅಚ್ಚಾದ ಪ್ರತಿಗಳೆಲ್ಲ ಒಂದೇ ಎಂದು ಈ ತನಕ ಹೇಳಿದ ನಾನೇ ಈಗ ಅದನ್ನು ಸ್ವಲ್ಪ ತಿದ್ದಬೇಕು. ಕೈಯಚ್ಚಿನ ಕಾಲದಲ್ಲಿ ಯಂತ್ರ ನಡೆಯುತ್ತಿರುವಾಗಲೇ ಕರಡು ನೋಡುವವರು ತಪ್ಪು ಕಂಡರೆ ನಿಲ್ಲಿಸಿ ಮೊಳೆ ಬದಲಿಸುತ್ತಿದ್ದರು. ಆದರೆ ಅಷ್ಟರಲ್ಲಿ ಅಚ್ಚಾದ ಹಾಳೆಗಳನ್ನು ಬಿಸಾಡುತ್ತಿರಲಿಲ್ಲ, ಕಾಗದ ಅಷ್ಟು ದುಬಾರಿ. ತಿದ್ದಿದ ಹಾಳೆಯೂ ತಿದ್ದದ ಹಾಳೆಯೂ ಬೆರೆತು ಪುಸ್ತಕವಾಗುತ್ತಿದ್ದವು. ಲಂಡನ್ನಿನಲ್ಲಿ 1623ರಲ್ಲಿ ಬಂದ ಷೇಕ್ಸ್‌ಪಿಯರ್ ನಾಟಕಗಳ ದೊಡ್ಡ ಸಂಪುಟ ಇದಕ್ಕೆ ಪ್ರಸಿದ್ಧ ಉದಾಹರಣೆ. ವಾಷಿಂಗ್ಟನ್‌ನ ಫೋಲ್ಜರ್ ಗ್ರಂಥಾಲಯದಲ್ಲಿ ಅದರ 82 ಪ್ರತಿಗಳಿವೆ. ಚಾರ್ಲ್ಟನ್ ಹಿನ್ಮನ್ ಎಂಬ ವಿದ್ವಾಂಸ ಕನ್ನಡಿ ಮತ್ತು ದೀಪಗಳ ಒಂದು ಯಂತ್ರ ಕಟ್ಟಿ, ಎರಡು ಪ್ರತಿಗಳ ಒಂದೇ ಪುಟವನ್ನು ಒಂದರ ಮೇಲೊಂದು ಬೀಳುವಂತೆ ಮಾಡಿ, ವ್ಯತ್ಯಾಸವಿರುವ ಜಾಗ ಮಿಣುಕುವಂತೆ ಮಾಡಿದ. ಪದಗಳ ಕಾಗುಣಿತದ ಅಭ್ಯಾಸ, ಮುರಿದ ಮೊಳೆಗಳು, ಇವುಗಳಿಂದ ಯಾವ ಪುಟವನ್ನು ಯಾವ ಕೈ ಜೋಡಿಸಿತು ಎಂದು ಬೇರ್ಪಡಿಸಿದ. ಆ ಐದಾರು ಕೈಗಳಲ್ಲಿ ಒಂದು ಹೆಚ್ಚು ತಪ್ಪು ಮಾಡುವ ಹೊಸಬನದು. ಆ ಹುಡುಗನ ಮೇಲೆ ನನಗೆ ವಿಶೇಷ ಪ್ರೀತಿ.

ಆ ಯಂತ್ರ ನಿಮಗೆ ಬೇಕಿಲ್ಲ. ಎರಡು ಗ್ರಂಥಾಲಯಗಳ ಚಿತ್ರಗಳಲ್ಲಿ ಒಂದೇ ಪುಟವನ್ನು ಇಳಿಸಿಕೊಳ್ಳಿ, ಒಂದೇ ಅಳತೆಗೆ ತನ್ನಿ, ಕಂಪ್ಯೂಟರಿನ ಪರದೆಯಲ್ಲಿ ಒಂದರ ನಂತರ ಒಂದನ್ನು ಬೇಗ ಬೇಗ ಬದಲಿಸಿ. ಸರಿದ ಅಕ್ಷರ ಕುಣಿದಂತೆ ಕಾಣುತ್ತದೆ. ಇಡೀ ಪುಟವೇ ಕುಣಿದರೆ ಅದು ಮತ್ತೆ ಮೊಳೆ ಜೋಡಿಸಿದ ಬೇರೆ ಮುದ್ರಣ. ಚಿತ್ರಗಳಲ್ಲಿ ಎರಡು ವಿಷಯ ಮೋಸ ಮಾಡುತ್ತವೆ: ಪುಸ್ತಕದ ನಿಜವಾದ ಗಾತ್ರ ಮತ್ತು ನೀರುಗುರುತು. ಅಳತೆಪಟ್ಟಿ ಇಟ್ಟು ತೆಗೆದ ಚಿತ್ರವಿದ್ದರೆ ಅದನ್ನು ಆರಿಸಿಕೊಳ್ಳಿ.

ಊರಿಂದ ಊರಿಗೆ ಹಿಂಬಾಲಿಸಿ

ಮರುಮುದ್ರಣಗಳನ್ನು ಪಟ್ಟಿ ಮಾಡಿ: ವರ್ಷ, ಊರು, ಭಾಷೆ, ಗಾತ್ರ. ಬ್ರಿಟಿಷ್ ಲೈಬ್ರರಿ 15ನೆಯ ಶತಮಾನದ ಮುದ್ರಣಗಳ ಪಟ್ಟಿಯನ್ನೂ, ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ ಅದರ ನಂತರದ ಕಾಲವನ್ನೂ ಸೇರಿಸಿದ ಪಟ್ಟಿಯನ್ನೂ ಸಿದ್ಧಪಡಿಸಿವೆ. ಭಾಷೆ ಬದಲಾದ ವರ್ಷವನ್ನು ವಿಶೇಷವಾಗಿ ಗುರುತಿಸಿ. ಪಂಡಿತರ ಭಾಷೆಯಿಂದ ಮನೆಮಾತಿಗೆ ಬಂದಾಗ ಓದುಗರ ಗುಂಪೇ ಬದಲಾಗುತ್ತದೆ. ಗಾತ್ರ ಕಿರಿದಾದರೆ ಬೆಲೆ ಇಳಿಯಿತು ಎಂದು ಅರ್ಥ.

ಎರಡು ಮಾತು ನೆನಪಿರಲಿ. ಉಳಿದದ್ದೆಲ್ಲ ಓದಿದ್ದಲ್ಲ, ಓದಿದ್ದೆಲ್ಲ ಉಳಿದಿಲ್ಲ. ದಪ್ಪ ಗ್ರಂಥ ಕಪಾಟಿನಲ್ಲಿ ಸುಖವಾಗಿ ಉಳಿಯಿತು. ಸಾವಿರಾರು ಕೈ ದಾಟಿದ ಹಾಳೆ ಪೊಟ್ಟಣವಾಗಿ, ಬೇರೆ ಪುಸ್ತಕದ ರಟ್ಟಿನ ಒಳಪದರವಾಗಿ ಹೋಯಿತು. ಹಳೆಯ ರಟ್ಟು ಬಿಚ್ಚಿದಾಗ ಇಂಥ ಹಾಳೆಗಳು ಸಿಗುವುದುಂಟು. ಇನ್ನೊಂದು, ಅಚ್ಚು ಒಳ್ಳೆಯದನ್ನೇ ಆರಿಸಿಕೊಳ್ಳುವುದಿಲ್ಲ. ಮಾಟಗಾತಿಯರನ್ನು ಹಿಡಿದು ಶಿಕ್ಷಿಸುವುದು ಹೇಗೆ ಎಂಬ ಲ್ಯಾಟಿನ್ ಕೈಪಿಡಿ 1486ರ ಸುಮಾರಿಗೆ ಸ್ಪೈಯರ್ ಎಂಬ ಊರಿನಲ್ಲಿ ಅಚ್ಚಾಗಿ, ಮತ್ತೆ ಮತ್ತೆ ಮುದ್ರಣ ಕಂಡಿತು. ಲೂಥರನ ಹಾಳೆಯನ್ನು ಹಿಂಬಾಲಿಸಿದ ಅದೇ ಶ್ರದ್ಧೆಯಿಂದ ಇದನ್ನೂ ಹಿಂಬಾಲಿಸಬೇಕು. ಮುದ್ರಣದ ಚರಿತ್ರೆಯನ್ನು ಜ್ಞಾನದ ಮೆರವಣಿಗೆಯಂತೆ ಮಾತ್ರ ಬರೆಯುವವರನ್ನು ನಾನು ಒಪ್ಪುವುದಿಲ್ಲ.

ಪತ್ರಿಕೆಗಳನ್ನು ನೋಡುವವರು 1814ರ ನವೆಂಬರ್ 29ನ್ನು ಗುರುತು ಹಾಕಿಕೊಳ್ಳಿ. ಅಂದು ಲಂಡನ್ನಿನ ಟೈಮ್ಸ್ ಪತ್ರಿಕೆ ಫ್ರೀಡ್ರಿಷ್ ಕೋನಿಗ್‌ನ ಉಗಿಯಂತ್ರದಲ್ಲಿ ಅಚ್ಚಾಯಿತು. ಕೈಯಂತ್ರ ಗಂಟೆಗೆ ಸುಮಾರು 250 ಹಾಳೆ ಒತ್ತುತ್ತಿದ್ದಲ್ಲಿ ಇದು ಸುಮಾರು 1,100 ಒತ್ತಿತು. ಮಾಲೀಕ ಜಾನ್ ವಾಲ್ಟರ್ ಯಂತ್ರವನ್ನು ಗುಟ್ಟಾಗಿ ನಿಲ್ಲಿಸಿ, ಅಚ್ಚಾದ ಮೇಲೆ ಕೆಲಸಗಾರರಿಗೆ ತಿಳಿಸಿದ. ಬೇರೆ ಕೆಲಸ ಸಿಗುವ ತನಕ ಸಂಬಳ ಕೊಡುವುದಾಗಿಯೂ ಹೇಳಿದ. ನಮ್ಮ ಮೊಳೆಪೆಟ್ಟಿಗೆಗಳನ್ನು ತೂಕಕ್ಕೆ ಹಾಕಿದ ದಿನ ಆ ಕೆಲಸಗಾರರ ನೆನಪಾಗಿತ್ತು.

ಕೊನೆಗೆ ಅಂಚು

ಪುಟದ ಅಂಚಿನಲ್ಲಿ ಯಾರಾದರೂ ಬರೆದಿದ್ದರೆ ಅದನ್ನು ಕೊಳೆ ಎಂದುಕೊಳ್ಳಬೇಡಿ. ಪುಸ್ತಕ ತಲುಪಿತು ಎಂಬುದಕ್ಕೆ ಅದು ಸಿಕ್ಕುವ ರಸೀದಿ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದ ಕೋಪರ್ನಿಕಸ್‌ನ ಗ್ರಂಥ 1543ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಬಂತು. ಅದನ್ನು ಓದಿದವರೇ ಇರಲಿಲ್ಲ ಎಂಬ ಮಾತಿತ್ತು. ಖಗೋಳ ವಿಜ್ಞಾನಿ ಓವೆನ್ ಗಿಂಗೆರಿಚ್ 1970ರಲ್ಲಿ ಎಡಿನ್‌ಬರೋದಲ್ಲಿ, ಎರಾಸ್ಮಸ್ ರೈನ್‌ಹೋಲ್ಡ್ ಎಂಬ ವಿದ್ವಾಂಸ ಅಂಚು ತುಂಬ ಟಿಪ್ಪಣಿ ಬರೆದಿದ್ದ ಪ್ರತಿಯನ್ನು ಕಂಡರು. ಆಮೇಲೆ ಮೂವತ್ತು ವರ್ಷ ದೇಶದೇಶ ಸುತ್ತಿ, 1543 ಮತ್ತು 1566ರ ಆವೃತ್ತಿಗಳ ಸುಮಾರು 600 ಪ್ರತಿಗಳನ್ನು ನೋಡಿದರು. ಗುರು ಬರೆದ ಟಿಪ್ಪಣಿಯನ್ನು ಶಿಷ್ಯರು ತಮ್ಮ ಪ್ರತಿಗಳಿಗೆ ನಕಲು ಮಾಡಿಕೊಂಡದ್ದು, ವಿಚಾರ ಮೇಜಿನಿಂದ ಮೇಜಿಗೆ ನಡೆದದ್ದು ಅಂಚುಗಳಲ್ಲಿ ಕಂಡಿತು. 1620ರಲ್ಲಿ ರೋಮ್‌ನ ಚರ್ಚು ಹೇಳಿದ ತಿದ್ದುಪಡಿಗಳನ್ನು ಮಾಡಿಕೊಂಡ ಪ್ರತಿಗಳು ಹೆಚ್ಚಾಗಿ ಇಟಲಿಯವು. ಹೊರಗೆ ಬಹುತೇಕ ಯಾರೂ ಕತ್ತರಿ ಮುಟ್ಟಿರಲಿಲ್ಲ. ಗೆಲಿಲಿಯೋ ತನ್ನ ಪ್ರತಿಯಲ್ಲಿ ಸಾಲುಗಳನ್ನು ಹೊಡೆದುಹಾಕಿದ್ದಾನೆ, ಆದರೆ ಕೆಳಗಿರುವುದನ್ನು ಓದಲು ಬರುವಷ್ಟು ತೆಳ್ಳಗೆ. ಪುಸ್ತಕದ ಮೊದಲಲ್ಲಿರುವ, ಇದೆಲ್ಲ ಬರೀ ಲೆಕ್ಕದ ಅನುಕೂಲಕ್ಕೆ ಎನ್ನುವ ಸಹಿಯಿಲ್ಲದ ಮುನ್ನುಡಿ ಕೋಪರ್ನಿಕಸ್‌ನದಲ್ಲ, ಅದರ ಅಚ್ಚನ್ನು ನೋಡಿಕೊಂಡ ಪಾದ್ರಿ ಓಸಿಯಾಂಡರ್‌ನದು ಎಂದು ಖಗೋಳ ವಿಜ್ಞಾನಿ ಕೆಪ್ಲರ್ 1609ರಲ್ಲಿ ಲೋಕಕ್ಕೆ ಸಾರಿದ್ದ. ಅವನ ಕೈಗೆ ಬಂದ ಪ್ರತಿಯಲ್ಲಿ ಹಿಂದಿನ ಒಡೆಯ ಆ ಹೆಸರನ್ನು ಬರೆದಿಟ್ಟಿದ್ದ.

ಅಂಚುಬರಹ ಕಂಡಾಗ ಹೀಗೆ ಮಾಡಿ: ಮೊದಲು ಎಷ್ಟು ಕೈಗಳಿವೆ ಎಂದು ಮಸಿಯ ಬಣ್ಣ ಮತ್ತು ಅಕ್ಷರದ ವಾಲಿಕೆಯಿಂದ ಬೇರ್ಪಡಿಸಿ. ಟಿಪ್ಪಣಿ ಯಾವ ಪುಟಕ್ಕೆ ನಿಂತುಹೋಯಿತು ಎಂದು ಬರೆದುಕೊಳ್ಳಿ. ಓದು ನಿಂತದ್ದೂ ಬಹುಶಃ ಅಲ್ಲೇ. ತಪ್ಪೊಪ್ಪೋಲೆಯ ತಿದ್ದುಪಡಿಗಳನ್ನು ಓದುಗ ಒಳಪುಟಗಳಲ್ಲಿ ಮಾಡಿಕೊಂಡಿದ್ದಾನೆಯೇ ನೋಡಿ. ಮಾಡಿಕೊಂಡಿದ್ದರೆ ಅವನು ಶ್ರದ್ಧಾವಂತ.

ಗ್ರಂಥಾಲಯದಲ್ಲಿ ಪಟ್ಟಿ ಮಾಡುವ ಕೆಲಸದಲ್ಲಿದ್ದಾಗ ದಾನವಾಗಿ ಬಂದ ಪುಸ್ತಕಗಳ ರಾಶಿಯಲ್ಲಿ ಆ ಗಣಿತದ ಪಠ್ಯಪುಸ್ತಕದ ಒಂದು ಪ್ರತಿ ಸಿಕ್ಕಿತು. ರಟ್ಟು ಹೋಗಿತ್ತು. ನಿಂತಲ್ಲೇ 147ನೆಯ ಪುಟ ತೆರೆದೆ. ಐದನೆಯ ಸಾಲಿನಲ್ಲಿ ನನ್ನ 9ರ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಯಾವುದೋ ಮಗುವಿನ ದುಂಡು ಅಕ್ಷರದಲ್ಲಿ 6 ಎಂದು ಬರೆದಿತ್ತು.